ಗೋಲದಲ್ಲಿ ಹಿಡಿದ ಬೆಳಕು

ಸಾಮಾನ್ಯ ಡಿಜಿಟಲ್ ಛಾಯಾಚಿತ್ರದಲ್ಲಿ ಪ್ರತಿಯೊಂದು ಬಣ್ಣದ ಬೆಳಕಿಗೂ ಇರುವ ಮೆಟ್ಟಿಲುಗಳು 256 ಮಾತ್ರ. ಆದ್ದರಿಂದ ಉರಿಯುವ ದೀಪವೂ ಪಕ್ಕದ ಸುಣ್ಣದ ಗೋಡೆಯೂ ಒಂದೇ ಬಿಳುಪಾಗಿ ತೋರಬಹುದು. ಆ ಬೆಳಕನ್ನೇ ನಂಬಿ ನಾವು ಕಂಪ್ಯೂಟರಿನಲ್ಲಿ ಒಂದು ಹೂಜಿಯನ್ನು ರಚಿಸಿದರೆ, ನೆರಳು ಮಸುಕಾಗಿ, ಹೂಜಿಯು ನೆಲಕ್ಕೆ ತಾಗದೆ ತೇಲುವಂತೆ ಕಾಣುವುದು.

1998ರಲ್ಲಿ ಅಮೆರಿಕದ ಬರ್ಕ್ಲಿಯ ಪಾಲ್ ಡೆಬೆವೆಕ್ ಇದಕ್ಕೊಂದು ಉಪಾಯವನ್ನು ತೋರಿಸಿದರು. ಹೂಜಿ ಇರಬೇಕಾದ ಎಡೆಯಲ್ಲಿ ಕನ್ನಡಿಯಂತೆ ಹೊಳೆಯುವ ಗೋಲವನ್ನಿಟ್ಟು, ಕ್ಯಾಮರಾವನ್ನು ಕದಲಿಸದೆ, ಬೆಳಕಿಗೆ ಒಡ್ಡುವ ಕಾಲವನ್ನಷ್ಟೇ ಬದಲಿಸುತ್ತ ಹಲವು ಚಿತ್ರಗಳನ್ನು ತೆಗೆಯಬೇಕು. ದೀರ್ಘಕಾಲ ಒಡ್ಡಿದ ಚಿತ್ರದಲ್ಲಿ ಕತ್ತಲ ಮೂಲೆಗಳೂ ಕ್ಷಣಮಾತ್ರ ಒಡ್ಡಿದುದರಲ್ಲಿ ದೀಪದ ನಿಜವಾದ ಪ್ರಖರತೆಯೂ ಉಳಿಯುತ್ತವೆ. ಇವನ್ನು ಲೆಕ್ಕಹಾಕಿ ಒಂದುಗೂಡಿಸಿದರೆ ಕೋಣೆಯ ಬೆಳಕೆಲ್ಲವೂ ನಮ್ಮ ಕೈಸೇರುವುದು. ಹೂಜಿಗೆ ತಕ್ಕ ನೆರಳೂ ಮೂಡುವುದು.

ತೊಡಕೊಂದುಂಟು: ಗೋಲದಲ್ಲಿ ಚಿತ್ರ ತೆಗೆಯುವವನ ಬಿಂಬವೂ ಬೀಳುತ್ತದೆ! 90 ಡಿಗ್ರಿ ಪಕ್ಕಕ್ಕೆ ಸರಿದು ಇನ್ನೊಮ್ಮೆ ಚಿತ್ರಗಳನ್ನು ತೆಗೆದು, ಅವುಗಳ ನೆರವಿನಿಂದ ಅದನ್ನು ಅಳಿಸಬೇಕಾಗುತ್ತದೆ.