ಹೆರಿಗೆಯ ಹೊತ್ತಿನಲ್ಲಿ ತಾಯಿಯ ಮಾತು

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಅನೇಕರಿಗೆ ಅದು ಸಾಧ್ಯವಾಗುವುದಿಲ್ಲ. ಹೆರಿಗೆ ಪರಸ್ಥಳದ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿಯ ಭಾಷೆ ಬೇರೆ, ಗುರುತಿನ ಮುಖ ಒಂದೂ ಇಲ್ಲ. ಆ ಹೊತ್ತಿನಲ್ಲಿ ಹೆರುವವಳಿಗೆ ಏನು ಬೇಕೆಂದು ಕೇಳುವವರಾರು? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಹೆಂಗಸರು ಬಹಳ ಹಿಂದೆಯೇ ಎತ್ತಿದರು.

ಪೆನಿಸಿಲಿನ್, ರಕ್ತ ಕೊಡುವ ಏರ್ಪಾಡು ಮುಂತಾದವುಗಳಿಂದ ಅಲ್ಲಿ ಬಾಣಂತಿಯರ ಸಾವು ಬಹಳ ಇಳಿದಿತ್ತು. ಇದು ದೊಡ್ಡ ಲಾಭವೇ ಸರಿ. ಆದರೆ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ: ಕೂದಲು ಬೋಳಿಸುವುದು, ಎನಿಮಾ ಕೊಡುವುದು, ಒಂಟಿಯಾಗಿ ಮಲಗಿಸುವುದು. ಗಂಡ ಬಾಗಿಲಾಚೆ. ಹೀಗೇಕೆಂದು ಕೇಳುವಂತಿರಲಿಲ್ಲ.

ಭಯದಿಂದ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ ಎಂದು ಡಾಕ್ಟರ್ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಪುಸ್ತಕ ಬರೆದಿದ್ದರು. ಆ ವಿಚಾರವನ್ನು ಹರಡಲು ಪ್ರುನೆಲ್ಲಾ ಬ್ರಯನ್ಸ್ ಎಂಬ ಮಹಿಳೆ 1956ರಲ್ಲಿ 'ಟೈಮ್ಸ್' ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟರು. ಅದರಿಂದ ಒಂದು ಸಂಸ್ಥೆಯೇ ಹುಟ್ಟಿ, ಉಸಿರಾಟ ಮತ್ತು ಮೈ ಸಡಿಲಿಸುವ ಕ್ರಮವನ್ನು ಗರ್ಭಿಣಿಯರಿಗೆ ಕಲಿಸತೊಡಗಿತು. 1960ರಲ್ಲಿ ಸ್ಯಾಲಿ ವಿಲಿಂಗ್ಟನ್ ಆಸ್ಪತ್ರೆಯಲ್ಲಿ ತಾವು ಕಂಡದ್ದನ್ನು ಪತ್ರಿಕೆಗೆ ಬರೆದರು. ನಮಗೂ ಹೀಗೆಯೇ ಆಯಿತೆಂದು ಅನೇಕ ತಾಯಂದಿರ ಕಾಗದಗಳು ಬಂದವು. ಇನ್ನೊಂದು ಸಂಘ ಎದ್ದಿತು. ವರ್ಷಗಳ ಕಾಲ ಇಂಥ ಸಂಘಗಳು ಬಿಡದೆ ಕೇಳಿದುದರ ಫಲವಾಗಿ 1993ರಲ್ಲಿ ಅಲ್ಲಿಯ ಸರ್ಕಾರದ ವರದಿಯೊಂದು, ಹೆರಿಗೆಯ ಆರೈಕೆಯಲ್ಲಿ ತಾಯಿಯ ಇಷ್ಟವೇ ಮುಖ್ಯವೆಂದು ಒಪ್ಪಿತು.

ಈ ಬೇಡಿಕೆಗಳು ಬರಿಯ ಹಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಗಳನ್ನು ನೋಡಿರಿ: ತಾಯಿ ಬಯಸಿದವರೊಬ್ಬರು ಜೊತೆಗಿರಲಿ, ತೊಡಕಿಲ್ಲದಿದ್ದರೆ ಆಕೆ ಓಡಾಡಲಿ, ನೀರು ಆಹಾರ ತೆಗೆದುಕೊಳ್ಳಲಿ, ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು ಬೇಡ. ಜೊತೆಯವರಿದ್ದರೆ ನೋವಿನ ಅವಧಿ ಕಡಮೆಯಾಗುತ್ತದೆಂದೂ, ಶಸ್ತ್ರಚಿಕಿತ್ಸೆಯಿಲ್ಲದ ಹೆರಿಗೆಗಳು ಹೆಚ್ಚುತ್ತವೆಂದೂ ಪರೀಕ್ಷೆಗಳಿಂದ ಕಂಡುಬಂದಿದೆ.

ಭಾರತ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಲು ಒಪ್ಪಿತು. ಆಕೆ ಹೆತ್ತ ಅನುಭವವುಳ್ಳ ಹೆಂಗಸಾಗಿರಬೇಕು, ಸೋಂಕು ರೋಗವಿರಬಾರದು, ಶುಚಿಯಾದ ಬಟ್ಟೆ ಉಟ್ಟಿರಬೇಕು, ವೈದ್ಯರ ಕೆಲಸಕ್ಕೆ ಅಡ್ಡಿಮಾಡಬಾರದು. 2017ರ 'ಲಕ್ಷ್ಯ' ಯೋಜನೆಯೂ ತಾಯಿಗೆ ಗೌರವದ ಆರೈಕೆ ಸಲ್ಲಬೇಕೆನ್ನುತ್ತದೆ.

ಆದ್ದರಿಂದ ಬಂಧುಗಳು ತಿಂಗಳು ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಈ ವಿಷಯ ವಿಚಾರಿಸಿಡಬೇಕು. ಮನೆಯವರಿಗೆ ಅಲ್ಲಿಯ ಭಾಷೆ ಬಾರದಿದ್ದರೆ, ಎರಡೂ ಭಾಷೆ ಬಲ್ಲ ನೆರೆಮನೆಯ ತಾಯಿಯೊಬ್ಬರನ್ನು ಮುಂಚೆಯೇ ಕೇಳಿಕೊಳ್ಳಿರಿ. ಆದರೆ ಸಹಜ ಹೆರಿಗೆಯೆಂದರೆ ಆಸ್ಪತ್ರೆ ಬೇಡವೆಂದಲ್ಲ. ರಕ್ತಸ್ರಾವ, ಫಿಟ್ಸ್, ವಿಪರೀತ ತಲೆನೋವು, ಮಗುವಿನ ಚಲನೆ ಕಡಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರ ವಿದ್ಯೆಯೂ ಬೇಕು, ಹತ್ತಿರದವರ ಕೈಯೂ ಬೇಕು. ಎರಡನ್ನೂ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.