ರಮಝಾನ್ ಕಳೆದ ಮೇಲೂ ಯತೀಂಖಾನದ ಒಲೆ ಉರಿಯಬೇಕು

ಗುಂಡ್ಲುಪೇಟೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ದಾರಿಯ ಊರು. ಊಟಿಗೋ ವಯನಾಡಿಗೋ ಹೋಗುವಾಗ ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತೇವೆ. ಚೆಂಡುಹೂವಿನ ಹೊಲ ಕಂಡರೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ರಾತ್ರಿ 9 ಗಂಟೆಗೆ ಬಂಡೀಪುರದ ರಸ್ತೆ ಮುಚ್ಚುವ ಮೊದಲು ದಾಟಿಬಿಡಬೇಕು ಅಂತ ಅವಸರ ಮಾಡುತ್ತೇವೆ.

ಯತೀಂ ಮಕ್ಕಳ ವಿಷಯ ಬಂದಾಗ ಮಾತ್ರ ಈ ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ. ಗುಂಡ್ಲುಪೇಟೆಯಿಂದ ಒಂದು ಕಡೆಗೆ ಹೋದರೆ ಚಾಮರಾಜನಗರ. ಅಲ್ಲಿ ದೀನಬಂಧು ಮಕ್ಕಳ ಮನೆ ಇದೆ. ಇನ್ನೊಂದು ಕಡೆಗೆ ಕಾಡು ದಾಟಿ, ಸುಲ್ತಾನ್ ಬತ್ತೇರಿ ಕಳೆದು ಮುಂದೆ ಹೋದರೆ ಮುಟ್ಟಿಲ್. ಅಲ್ಲಿ ವಯನಾಡ್ ಮುಸ್ಲಿಂ ಆರ್ಫನೇಜ್ ಇದೆ. ಒಂದು 1992ರಲ್ಲಿ ಶುರುವಾದದ್ದು, ಇನ್ನೊಂದು 1967ರಲ್ಲಿ. ಎರಡೂ ದಶಕಗಳಿಂದ ನಡೆದುಕೊಂಡು ಬಂದಿವೆ.

ನಮ್ಮೂರುಗಳಲ್ಲಿ ಯತೀಂಖಾನ ಶುರುಮಾಡುವ ಉತ್ಸಾಹಕ್ಕೆ ಕೊರತೆ ಇಲ್ಲ. ಶಂಕುಸ್ಥಾಪನೆಗೆ ತಂಙಳ್ ಬರುತ್ತಾರೆ, ಗಲ್ಫಿನಿಂದ ಹಣ ಬರುತ್ತದೆ, ಕಟ್ಟಡ ಏಳುತ್ತದೆ. ಕಷ್ಟ ಇರುವುದು ಆಮೇಲೆ. ರಮಝಾನಿನಲ್ಲಿ ರಶೀದಿ ಪುಸ್ತಕ ಹಿಡಿದು ಹೊರಟರೆ ನಾಲ್ಕಾರು ತಿಂಗಳಿಗೆ ಸಾಕಾಗುವಷ್ಟು ಸಿಗುತ್ತದೆ. ಉಳಿದ ತಿಂಗಳುಗಳ ಅಕ್ಕಿ, ಗ್ಯಾಸು, ಕರೆಂಟು ಬಿಲ್ಲು, ಉಸ್ತಾದರ ಮತ್ತು ಅಡುಗೆಯವರ ಸಂಬಳ ಎಲ್ಲಿಂದ? ಗಲ್ಫಿನಲ್ಲಿ ಕೆಲಸ ಹೋಗಿ ನಾಲ್ಕು ಜನ ಊರಿಗೆ ಬಂದರೂ ಸಾಕು, ಇಲ್ಲಿ ಮಕ್ಕಳ ತಟ್ಟೆಗೆ ಬರುವ ಮೀನು ಕಡಿಮೆಯಾಗುತ್ತದೆ.

ಹಾಗಾಗಿ ಮಕ್ಕಳ ಮನೆ ತನ್ನ ಕಾಲ ಮೇಲೆ ನಿಲ್ಲುವುದು ಹೇಗೆ ಅನ್ನುವ ಪ್ರಶ್ನೆಯನ್ನು ಈ ವಾರ ನಾವು ಎತ್ತಿಕೊಂಡಿದ್ದೇವೆ.

ಮನೆಯ ಜೊತೆಗೆ ಶಾಲೆ

ಚಾಮರಾಜನಗರದ ದೀನಬಂಧು ಸಂಸ್ಥೆಯನ್ನು ಕಟ್ಟಿದವರು ಪ್ರೊ. ಜಿ.ಎಸ್. ಜಯದೇವ, ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮಗ. ಅಲ್ಲಿ ಮಕ್ಕಳ ಮನೆಯ ಜೊತೆಗೆ ಶಾಲೆಯೂ ಬೆಳೆಯಿತು. ಆ ಶಾಲೆಗೆ ಊರಿನ ಮಕ್ಕಳೂ ಬರುತ್ತಾರೆ. ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಹೆತ್ತವರಿಲ್ಲದ ಮಗುವಿಗೆ ಇದು ಸಣ್ಣದಲ್ಲ. ಬೆಳಗ್ಗೆ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವವನು ಪೇಟೆಯ ಅಂಗಡಿಯವರ ಮಗ ಆಗಿದ್ದರೆ ‘ನಾವು ಬೇರೆ’ ಅನ್ನುವ ಭಾವನೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮುಟ್ಟಿಲ್‌ನಲ್ಲೂ ಯತೀಂಖಾನದ ಅಡಿಯಲ್ಲಿ ಶಾಲೆ, ಕಾಲೇಜುಗಳಿವೆ. ಇದಕ್ಕೂ ಹಳೆಯ ಉದಾಹರಣೆ ಕೋಝಿಕ್ಕೋಡಿನ ಜೆ.ಡಿ.ಟಿ. ಇಸ್ಲಾಂ. 1921ರ ಮಲಬಾರ್ ದಂಗೆಯ ನಂತರ ಬಾಪ ಇಲ್ಲದಾದ ಮಕ್ಕಳಿಗಾಗಿ ಪಂಜಾಬಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿಯವರ ಮುಂದಾಳತ್ವದಲ್ಲಿ 1922ರಲ್ಲಿ ಶುರುವಾದ ಯತೀಂಖಾನ ಅದು. ಇವತ್ತು ಅಲ್ಲಿ ಐಟಿಐ, ಪಾಲಿಟೆಕ್ನಿಕ್ ಎಲ್ಲ ಇವೆ. ನೂರು ವರ್ಷ ದಾಟಿತು.

ಊರಿನ ಮಕ್ಕಳು ಫೀಸು ಕೊಟ್ಟು ಕಲಿಯುವ ಶಾಲೆ ಯತೀಂ ಮಗುವಿಗೂ ಮೇಷ್ಟರನ್ನು, ಲ್ಯಾಬನ್ನು, ಆಟದ ಬಯಲನ್ನು ಕೊಡುತ್ತದೆ. ಹಾಗಂತ ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಶಾಲೆ ದೊಡ್ಡದಾದಂತೆ ಆಡಳಿತ ಸಮಿತಿಯ ಗಮನವೆಲ್ಲ ಅಡ್ಮಿಷನ್, ಬಸ್ಸು, ಹೊಸ ಬ್ಲಾಕಿನ ಕಡೆಗೆ ಹೋಗುತ್ತದೆ. ಯತೀಮರು ಬೋರ್ಡಿನಲ್ಲಿ ಮಾತ್ರ ಉಳಿಯುತ್ತಾರೆ. ಪ್ರತಿ ವರ್ಷ ಎಷ್ಟು ಯತೀಂ ಮಕ್ಕಳನ್ನು ಸೇರಿಸಿಕೊಂಡಿರಿ, ಅವರಲ್ಲಿ ಎಷ್ಟು ಮಂದಿ ಎಸೆಸೆಲ್ಸಿ ದಾಟಿದರು ಅಂತ ಮಹಾಸಭೆಯಲ್ಲಿ ಎದ್ದು ಕೇಳುವವರು ಬೇಕು.

ಕುವೈತಿನ ಡಾಕ್ಟರ್ ತೋರಿಸಿದ ದಾರಿ

ಕುವೈತಿನಲ್ಲಿ ದುಡಿದ ನಮ್ಮವರಿಗೆ ಡಾ. ಅಬ್ದುಲ್ ರಹ್ಮಾನ್ ಅಲ್ ಸುಮೈತ್ ಅವರ ಹೆಸರು ಗೊತ್ತಿರಬಹುದು. ಆಸ್ಪತ್ರೆಯ ಒಳ್ಳೆಯ ಕೆಲಸ ಬಿಟ್ಟು ಆಫ್ರಿಕಾದ ಹಳ್ಳಿಗಳಿಗೆ ಹೋದವರು. 1981ರಲ್ಲಿ ಮಲಾವಿಯ ಬಡ ಮುಸ್ಲಿಮರಿಗಾಗಿ ಅವರು ಶುರುಮಾಡಿದ ಕೆಲಸ ಮುಂದೆ ‘ಡೈರೆಕ್ಟ್ ಏಡ್’ ಸಂಸ್ಥೆಯಾಯಿತು. ಬಾವಿ, ಶಾಲೆ, ಆಸ್ಪತ್ರೆಗಳ ಜೊತೆ ಸಾವಿರಾರು ಯತೀಂ ಮಕ್ಕಳ ಪಾಲನೆಯನ್ನೂ ಅದು ವಹಿಸಿಕೊಂಡಿತು. 2013ರಲ್ಲಿ ಅವರು ವಫಾತ್ ಆದರು.

1996ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಆ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಒಂದೇ ಸಲ ಹಂಚಿಯೂ ಬಿಡಲಿಲ್ಲ. ಆಫ್ರಿಕಾದ ಮಕ್ಕಳ ಓದಿಗಾಗಿ ವಕ್ಫ್ ಮಾಡಿ, ಅದನ್ನೇ ಮೂಲಧನ ಮಾಡಿದರು. ಹಂಚಿದ ಹಣ ಒಂದು ವರ್ಷದಲ್ಲಿ ಮುಗಿಯುತ್ತದೆ, ವಕ್ಫ್ ಮಾಡಿದ ಹಣದ ಫಲ ಮಾತ್ರ ಖರ್ಚಾಗುತ್ತದೆ, ಗಂಟು ಹಾಗೇ ಇರುತ್ತದೆ. ಇದು ನಮಗೆ ಹೊಸ ಪಾಠ ಅಲ್ಲ. ನಮ್ಮ ಹಿರಿಯರು ಮಸೀದಿಗೆ ತೆಂಗಿನ ತೋಟ, ಅಂಗಡಿ ಕೋಣೆ ಬಿಟ್ಟುಕೊಟ್ಟದ್ದು ಇದೇ ಲೆಕ್ಕದಲ್ಲಿ. ಇನ್ನು ಈಗ ಹೊಸದಾಗಿ ವಕ್ಫ್ ಮಾಡುವವರು ಬಾಯಿ ಮಾತಿನಲ್ಲಿ ಮಾಡುವಂತಿಲ್ಲ. 2025ರ ತಿದ್ದುಪಡಿಯ ನಂತರ ಬರಹದ ವಕ್ಫ್ ಪತ್ರ ಕಡ್ಡಾಯ.

ಇಲ್ಲಿ ಒಂದು ವಿಷಯ ಸ್ಪಷ್ಟ ಇರಬೇಕು. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಝಕಾತ್ ಅರ್ಹರ ಕೈಗೇ ಸೇರಬೇಕು. ಅದರಿಂದ ಅಂಗಡಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಡಲು ಆಗುವುದಿಲ್ಲ. ಝಕಾತ್ ಬಡ ಮಗುವಿನ ಹಕ್ಕು. ಆದಾಯದ ಆಸ್ತಿ ಮಾಡಲು ಸದಕಾ, ವಕ್ಫ್ ಬೇಕು. ಎರಡು ಹಣಕ್ಕೆ ಎರಡು ಲೆಕ್ಕ ಪುಸ್ತಕ ಇಡಿ, ಸಂಶಯ ಬಂದರೆ ಉಸ್ತಾದರಲ್ಲಿ ಕೇಳಿ.

ಘಟ್ಟದ ಮೇಲಿನ ಜಮೀನಿನ ಲೆಕ್ಕ

‘ಘಟ್ಟದ ಮೇಲೆ ನಾಲ್ಕು ಎಕರೆ ತೆಗೆದುಕೊಂಡು ಅಲ್ಲೇ ಯತೀಂಖಾನ ಮಾಡಿದರೆ ಬೆಳೆಯಲ್ಲೇ ನಡೆಯುತ್ತದೆ ಅಲ್ವಾ?’ ಅಂತ ಕೇಳುವವರಿದ್ದಾರೆ. ಗುಂಡ್ಲುಪೇಟೆಯ ರೈತರ ಬದುಕು ನೋಡಿದರೆ ಉತ್ತರ ಸಿಗುತ್ತದೆ. ಅರಿಶಿನ, ಈರುಳ್ಳಿ, ಬಾಳೆ, ಟೊಮೆಟೊ, ಚೆಂಡುಹೂ ಎಲ್ಲವೂ ಅಲ್ಲಿ ಆಗುತ್ತದೆ. ತರಕಾರಿ ಕೇರಳಕ್ಕೆ ಹೋಗುತ್ತದೆ. ಆದರೆ ಮಳೆ ಕಡಿಮೆ, ಬೋರ್‌ವೆಲ್ ಯಾವಾಗ ಕೈಕೊಡುತ್ತದೆ ಹೇಳಲಾಗದು, ಕಾಡಂಚಿನಲ್ಲಿ ಆನೆ ಮತ್ತು ಹಂದಿಯ ಕಾಟ. ರೇಟು ಬಿದ್ದ ದಿನ ಟೊಮೆಟೊ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಹುಟ್ಟಿದಾರಭ್ಯ ಅದೇ ಕೆಲಸ ಮಾಡಿದ ರೈತನೇ ಸಾಲಕ್ಕೆ ಬೀಳುವಾಗ, ಸಮಿತಿ ನಡೆಸುವ ಹೊಲ ಮಕ್ಕಳನ್ನು ಸಾಕುತ್ತದೆ ಅಂತ ನಂಬಿ ಕೂರಬಾರದು.

ಹೊಲ ಬೇಡ ಅಂತಲ್ಲ, ಅದು ಅಡುಗೆ ಕೋಣೆಯ ಖರ್ಚು ಉಳಿಸಲಿ. ಎರಡು ಮೂರು ಹಸು ಇದ್ದರೆ ಮೊದಲು ಮಕ್ಕಳಿಗೆ ಹಾಲು, ಹೆಚ್ಚಾದದ್ದು ಊರಿನ ಡೈರಿಗೆ. ಬಸಳೆ, ಬದನೆ, ನುಗ್ಗೆ, ಬಾಳೆ ಹಿತ್ತಿಲಲ್ಲೇ ಆಗಲಿ.

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. 25 ಮಕ್ಕಳ ಮನೆ. ಒಂದು ಮಗುವಿಗೆ ಊಟ, ಬಟ್ಟೆ, ಓದು, ಸಿಬ್ಬಂದಿ ಸಂಬಳ ಎಲ್ಲ ಸೇರಿ ತಿಂಗಳಿಗೆ 5,000 ರೂ. ಅಂತ ಇಟ್ಟುಕೊಂಡರೆ 1,25,000 ರೂ. ಬೇಕು. ಪೇಟೆಯಲ್ಲಿ ವಕ್ಫ್ ಆದ ನಾಲ್ಕು ಅಂಗಡಿ ಕೋಣೆಗಳಿಂದ ತಲಾ 8,000 ರೂ. ಬಾಡಿಗೆ ಬಂದರೆ 32,000 ರೂ. ಆಯಿತು. ತಿಂಗಳಿಗೆ 500 ರೂ.ನಂತೆ ತಪ್ಪದೆ ಕೊಡುವ 100 ಮನೆಗಳಿದ್ದರೆ 50,000 ರೂ. ಉಳಿಯುವುದು 43,000 ರೂ. ಇದರಲ್ಲಿ ಒಂದಷ್ಟನ್ನು ಹಾಲು, ತರಕಾರಿ ಉಳಿಸುತ್ತದೆ. ಬಾಕಿಗೆ ಮಾತ್ರ ರಮಝಾನಿನ ಕಡೆ ನೋಡಿದರೆ ಸಾಕು. ಇಡೀ ವರ್ಷ ಕೈಚಾಚುವುದಕ್ಕೂ, ವರ್ಷಕ್ಕೆ ಒಮ್ಮೆ ಕೇಳುವುದಕ್ಕೂ ವ್ಯತ್ಯಾಸ ಇದೆ.

ಹಸು ಮೇಯಿಸುವವರು, ಹೊಲ ಅಗೆಯುವವರು ಮಕ್ಕಳೇ ಆಗಿಬಿಟ್ಟರೆ ಮಾತ್ರ ಇಡೀ ಲೆಕ್ಕ ಹರಾಂ ಆಗುತ್ತದೆ. ಮನೆಯಲ್ಲಿ ನಮ್ಮ ಮಕ್ಕಳು ಗಿಡಕ್ಕೆ ನೀರು ಹಾಕುವಷ್ಟು ಮಾಡಲಿ, ಅದು ಕಲಿಕೆ. ಸಂಸ್ಥೆಯ ಆದಾಯಕ್ಕಾಗಿ ದುಡಿಸಿದರೆ ಅದು ದುಡಿತ. 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿಯ ನಂತರ ಕಾನೂನೂ ತಡೆಯುತ್ತದೆ.

ಉಮ್ಮ ಇರುವ ಯತೀಂ

ಯತೀಂ ಅಂದರೆ ಪ್ರಾಯಕ್ಕೆ ಬರುವ ಮೊದಲೇ ಬಾಪನನ್ನು ಕಳೆದುಕೊಂಡ ಮಗು. ಅಂದರೆ ಬಹಳಷ್ಟು ಯತೀಂ ಮಕ್ಕಳಿಗೆ ಉಮ್ಮ ಇರುತ್ತಾರೆ. ಅಂಥ ಮಗು ಯತೀಂಖಾನಕ್ಕೆ ಬರುವುದು ಹೆಚ್ಚಾಗಿ ಮನೆಯಲ್ಲಿ ಅಕ್ಕಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ. ಹಾಗಾದರೆ ಮಗುವನ್ನು ಉಮ್ಮನಿಂದ ಬೇರೆ ಮಾಡುವ ಬದಲು ಅಕ್ಕಿಯನ್ನೇ ಆ ಮನೆಗೆ ಕಳಿಸಬಹುದಲ್ಲ?

ಉಗಾಂಡಾದ ನ್ಯಾಕಾ ಎಂಬ ಹಳ್ಳಿಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಏಡ್ಸ್‌ನಿಂದ ಊರಿಗೆ ಊರೇ ಹೆತ್ತವರಿಲ್ಲದ ಮಕ್ಕಳಿಂದ ತುಂಬಿದಾಗ, ಅದೇ ಊರಿನ ಟ್ವೆಸಿಗ್ಯೆ ಜಾಕ್ಸನ್ ಕಗುರಿ ತಾನು ಮನೆಗಾಗಿ ಕೂಡಿಟ್ಟ ಹಣದಿಂದ ಅಲ್ಲಿ ಉಚಿತ ಶಾಲೆ ತೆರೆದರು. ಮಕ್ಕಳನ್ನು ಅಜ್ಜಿಯರಿಂದ ಬೇರೆ ಮಾಡಲಿಲ್ಲ. ಅಜ್ಜಿಯರ ಗುಂಪು ಕಟ್ಟಿ, ಸಣ್ಣ ಸಾಲ, ತರಬೇತಿ ಕೊಟ್ಟು, ಮಕ್ಕಳು ಅವರ ಮನೆಯಲ್ಲೇ ಬೆಳೆಯುವಂತೆ ನೋಡಿಕೊಂಡರು.

ನಮ್ಮಲ್ಲಿ ಸರಕಾರದ ನೆರವೂ ಇದೆ, ನಮ್ಮವರು ಅರ್ಜಿ ಹಾಕುವುದು ಕಡಿಮೆ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂ. ಸಿಗುತ್ತದೆ, ಮಗು ಮನೆಯಲ್ಲೇ ಇರಬಹುದು. ಕೊರೋನಾ ಕಾಲವನ್ನು ನೆನೆಸಿಕೊಳ್ಳಿ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಜೀವ ಕಳೆದುಕೊಂಡ ಸುದ್ದಿ ರಾಜ್ಯವನ್ನೇ ನಡುಗಿಸಿತ್ತು. ಅದೇ ತಿಂಗಳ ಕೊನೆಯಲ್ಲಿ ಕೊರೋನಾದಿಂದ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂ. ಕೊಡುವ ಬಾಲಸೇವಾ ಯೋಜನೆಯನ್ನು ಸರಕಾರ ಪ್ರಕಟಿಸಿತು. ಇಂಥ ಯೋಜನೆಗಳ ಅರ್ಜಿ ತುಂಬಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗುವವರು ಒಬ್ಬರಿದ್ದರೆ ಎಷ್ಟೋ ಉಮ್ಮಂದಿರ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ.

ಅಮಾನತ್

ಯಾರೂ ಇಲ್ಲದ ಮಕ್ಕಳಿಗೆ ಮನೆ ಬೇಕೇ ಬೇಕು. ಆದರೆ ‘ನಮ್ಮ ಯತೀಂಖಾನ, ನಮ್ಮ ಮಕ್ಕಳು, ಯಾರಿಗೆ ಯಾಕೆ ಹೇಳಬೇಕು’ ಅನ್ನುವ ಕಾಲ ಹೋಯಿತು. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆ ನೋಂದಣಿ ಆಗಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂ.ಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇದನ್ನು ಕಿರಿಕಿರಿ ಅಂತ ತಿಳಿಯಬೇಡಿ. ಲೆಕ್ಕಪತ್ರ ಸರಿ ಇರುವ ಮನೆಯನ್ನು ಯಾರು ಬಂದು ನೋಡಿದರೂ ಹೆದರಬೇಕಾಗಿಲ್ಲ.

ಸೂರಾ ಅನ್ನಿಸಾದ ಆರಂಭದ ಆಯತ್‌ಗಳು ಯತೀಮರ ಸೊತ್ತಿನ ಬಗ್ಗೆ ಎಷ್ಟು ಗಟ್ಟಿಯಾಗಿ ಎಚ್ಚರಿಸುತ್ತವೆ ಅಂತ ನಾವೆಲ್ಲ ವಅಝ್‌ಗಳಲ್ಲಿ ಕೇಳಿದ್ದೇವೆ. ಸೊತ್ತನ್ನು ಮರಳಿ ಒಪ್ಪಿಸುವಾಗ ಸಾಕ್ಷಿಗಳಿರಬೇಕು ಎಂಬ ತಾಕೀತೂ ಅಲ್ಲೇ ಇದೆ. ಈ ಕಾಲದ ಸಾಕ್ಷಿ ಅಂದರೆ ಆಡಿಟ್ ಆದ ಲೆಕ್ಕ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಪ್ರತಿ ವರ್ಷ ಅದನ್ನು ಅಂಟಿಸಲು ದೊಡ್ಡ ಖರ್ಚೇನೂ ಇಲ್ಲ.

18 ತುಂಬಿದ ದಿನ ಹುಡುಗನ ಕೈಗೆ ಚೀಲ ಕೊಟ್ಟು ಕಳಿಸಿದರೆ ಅಷ್ಟು ವರ್ಷ ಸಾಕಿದ್ದು ಅರ್ಧಕ್ಕೇ ನಿಂತ ಹಾಗೆ. 21 ವರ್ಷದವರೆಗೆ ನೆರವು ಮುಂದುವರಿಸಲು ಕಾನೂನಿನಲ್ಲೇ ಅವಕಾಶ ಇದೆ. ಐಟಿಐ, ನರ್ಸಿಂಗ್, ಡಿಪ್ಲೊಮಾ ಮುಗಿಯುವವರೆಗೆ ಒಂದು ಹಾಸಿಗೆ, ಎರಡು ಹೊತ್ತಿನ ಊಟ ಸಿಕ್ಕರೆ ಆ ಮಗು ಮುಂದೆ ಇನ್ನೊಬ್ಬರ ಮುಂದೆ ಕೈಚಾಚುವುದಿಲ್ಲ.

ಬರುವ ರಮಝಾನಿನಲ್ಲಿ ರಶೀದಿ ಪುಸ್ತಕ ಹಿಡಿದು ಯಾರಾದರೂ ಮನೆಗೆ ಬಂದರೆ ಬರಿಗೈಯಲ್ಲಿ ಕಳಿಸಬೇಡಿ. ಕೊಡುವಾಗ ನಾಲ್ಕು ಪ್ರಶ್ನೆಯನ್ನೂ ಕೇಳಿ: ನೋಂದಣಿ ಆಗಿದೆಯಾ? ಹೋದ ವರ್ಷದ ಲೆಕ್ಕ ಎಲ್ಲಿ? ಸಂಸ್ಥೆಗೆ ಸ್ವಂತ ಆದಾಯ ಎಷ್ಟು? ಉಮ್ಮ ಇರುವ ಮಕ್ಕಳಿಗೆ ಮನೆಯಲ್ಲೇ ನೆರವು ಕೊಡ್ತೀರಾ? ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಕೂತು ಉತ್ತರ ಹೇಳುತ್ತಾರೆ.