50 ವರ್ಷ ದಾಟಿದ ಕಾರೆಲ್ಲ ವಿಂಟೇಜ್ ಆಗುತ್ತದೆಯೇ?

ತಾತನ ಕಾಲದ ಅಂಬಾಸಿಡರ್‌ಗೆ 50 ವರ್ಷ ತುಂಬಿದರೆ ಸಾಕು, ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು ಎಂಬ ನಂಬಿಕೆಯಿದೆ. ಇದು ಅರ್ಧ ಸತ್ಯ.

ಕೇಂದ್ರ ಸರ್ಕಾರದ 2021ರ ನಿಯಮ ನೋಡೋಣ. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು, ಜೊತೆಗೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು. ಹಾಗಾಗಿ ಖರ್ಚು ಉಳಿಸಲೆಂದು ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದರೆ, ವಯಸ್ಸಾಗಿದ್ದರೂ ಪ್ರಯೋಜನವಿಲ್ಲ.

ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಇರುತ್ತದೆ. ಆದರೆ ಆ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ನಾವು ಹೇಳುವುದಿಷ್ಟೇ: ಕಾರು ಓಡಾಟಕ್ಕೋ, ನೆನಪಿಗೋ ಎಂಬುದನ್ನು ಗ್ಯಾರೇಜಿಗೆ ಒಯ್ಯುವ ಮೊದಲೇ ತೀರ್ಮಾನಿಸಿ.